ಶರ್ಕರಾಲೇಪಿತ ಔಷಧಕಣಗಳ ಪೂರ್ವಚರಿತ್ರೆ

ಔಷಧಕ್ಕೆ ಸಕ್ಕರೆಯ ಲೇಪವನ್ನು ಕೊಡುವದು ಹೊಸ ಪದ್ಧತಿಯಲ್ಲ. ಕಹಿಯಾದ ಚೂರ್ಣವನ್ನು ಮಗುವಿನ ಗಂಟಲಿಗೆ ಇಳಿಸಬೇಕಾದ ತಾಯಿಯು ಅದನ್ನು ಜೇನಿನಲ್ಲಿ ಕಲಸಿಯೋ ಬೆಲ್ಲದಲ್ಲಿ ಅಡಗಿಸಿಯೋ ಕೊಡುವದು ನಮ್ಮ ಮನೆಗಳಲ್ಲಿ ಎಂದಿನಿಂದಲೂ ನಡೆದುಬಂದಿರುವದು. ಔಷಧದ ಕಾರಖಾನೆಗಳು ಗುಳಿಗೆಗಳ ಮೇಲೆ ಸಕ್ಕರೆಯ ಪಾಕವನ್ನು ಹಚ್ಚುವದೂ ಇದೇ ಉಪಾಯದ ದೊಡ್ಡ ರೂಪವು. ಇವೆರಡರ ಉದ್ದೇಶವೂ ನಾಲಗೆಯನ್ನು ಒಲಿಸಿಕೊಳ್ಳುವದೇ. ನಾಲಗೆಯನ್ನು ದಾಟಿದ ಮೇಲೆ ಆ ಸಕ್ಕರೆಗೆ ಕೆಲಸವಿಲ್ಲ. ಆದರೆ ಸುಮಾರು ಐವತ್ತು ವರ್ಷಗಳಿಂದ ಪ್ರಯೋಗಶಾಲೆಗಳಲ್ಲಿ ಬೇರೊಂದು ಬಗೆಯ ಶರ್ಕರಾಲೇಪವು ಸಿದ್ಧವಾಗುತ್ತ ಬಂದಿದೆ. ಕೂದಲಿನ ದಪ್ಪದಲ್ಲಿ ಸಾವಿರದ ಒಂದಂಶದಷ್ಟಿರುವ ಕಣದೊಳಗೆ ಔಷಧವನ್ನು ತುಂಬಿ, ಆ ಕಣದ ಹೊರಮೈಗೆ ಬೇಕಾದ ಜಾತಿಯ ಸಕ್ಕರೆಯನ್ನು ನೆಟ್ಟು, ಅದನ್ನು ರಕ್ತದಲ್ಲಿ ಬಿಡುವರು. ಆ ಸಕ್ಕರೆಯನ್ನು ಗುರುತಿಸಬಲ್ಲ ಜೀವಕೋಶಗಳು ಮಾತ್ರ ಕಣವನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳಲಿ ಎಂಬದು ಇದರ ಉದ್ದೇಶವು. ಇಲ್ಲಿ ಸಕ್ಕರೆಯು ಕಾಗದದ ಮೇಲೆ ಬರೆದ ವಿಳಾಸದ ಕೆಲಸವನ್ನು ಮಾಡುವದು.

ಈ ವಿಷಯವು ಮಾತಿಗೆ ಬಂದಾಗ ನಮ್ಮ ವಿದ್ಯಾವಂತರ ಮನೆಗಳಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುವದುಂಟು. ಇದೆಲ್ಲ ನಮ್ಮ ಚರಕ ಸುಶ್ರುತರಲ್ಲಿ ಮೊದಲೇ ಇದೆ ಎನ್ನುವರು ಕೆಲವರು. ಇದರಲ್ಲಿ ನಮ್ಮದೆಂಬದು ಏನೂ ಇಲ್ಲ, ಎಲ್ಲವೂ ಕಡಲಾಚೆಯಿಂದ ಬಂದದ್ದು ಎನ್ನುವರು ಇನ್ನು ಕೆಲವರು. ಎರಡೂ ಪಕ್ಷಗಳವರು ಇತಿಹಾಸವನ್ನು ನೋಡದೆ ಮಾತಾಡುವರೆಂದು ನನಗೆ ತೋರುವದು. ಮೊದಲನೆಯ ಮಾತನ್ನು ನಂಬಿ ‘ನ್ಯಾನೋ’ ಎಂಬ ಚೀಟಿ ಅಂಟಿಸಿದ ಯಾವದೋ ಸೀಸೆಗೆ ಹಣ ತೆರುವವರೂ, ಎರಡನೆಯದನ್ನು ನಂಬಿ ವಿಜ್ಞಾನವು ತಮ್ಮ ಮಕ್ಕಳ ಪಾಲಿನದಲ್ಲವೆಂದು ಕೈಬಿಡುವವರೂ ನಮ್ಮಲ್ಲಿ ಇರುವದರಿಂದ, ಈ ಚರಿತ್ರೆಯನ್ನು ಕ್ರಮವಾಗಿ ನೋಡುವದು ಉಚಿತವು.

ಮೊದಲು ಶಬ್ದದಿಂದಲೇ ಪ್ರಾರಂಭಿಸೋಣ. ಸಂಸ್ಕೃತದ ‘ಶರ್ಕರಾ’ ಎಂಬ ಪದಕ್ಕೆ ಮೂಲದಲ್ಲಿ ಹರಳು, ಮರಳು, ಸಣ್ಣ ಕಲ್ಲು ಎಂದು ಅರ್ಥ. ಕಬ್ಬಿನ ರಸವು ಹರಳುಗಟ್ಟಿದಾಗ ಅದರ ರೂಪವನ್ನು ನೋಡಿ ಆ ಹೆಸರನ್ನೇ ಅದಕ್ಕೆ ಕೊಟ್ಟರು. ಅದು ಪ್ರಾಕೃತದಲ್ಲಿ ‘ಸಕ್ಕರಾ’ ಆಗಿ, ಕನ್ನಡದಲ್ಲಿ ‘ಸಕ್ಕರೆ’ಯಾಯಿತು, ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ ಯುರೋಪವನ್ನು ಸೇರಿ ಇಂಗ್ಲಿಷಿನ ‘ಶುಗರ್’ ಆಯಿತು. ಇಂದಿನ ರಸಾಯನಶಾಸ್ತ್ರಜ್ಞರು ಸಕ್ಕರೆಯ ಕುಲಕ್ಕೆಲ್ಲ ಇಟ್ಟಿರುವ ‘ಸ್ಯಾಕರೈಡ್’ ಎಂಬ ಹೆಸರೂ ಗ್ರೀಕಿನ ಮಾರ್ಗವಾಗಿ ಹೋದ ಇದೇ ಬೇರಿನದು. ಶಬ್ದದ ಮಟ್ಟಿಗೆ ನಮ್ಮ ಹಕ್ಕು ನಿರ್ವಿವಾದವು. ಶಬ್ದದೊಡನೆ ಈ ಶಾಸ್ತ್ರವೂ ಇಲ್ಲಿಂದಲೇ ಹೋಯಿತೆಂದು ಮಾತ್ರ ಹೇಳಲಾಗದು.

ಔಷಧದ ವಾಹನವನ್ನು ಕುರಿತ ವಿಚಾರವು ನಮ್ಮ ವೈದ್ಯಗ್ರಂಥಗಳಲ್ಲಿ ಇದ್ದೇ ಇದೆ. ಔಷಧದ ಸಂಗಡ ಅಥವಾ ಅದರ ಅನಂತರ ಸೇವಿಸತಕ್ಕ ದ್ರವಕ್ಕೆ ‘ಅನುಪಾನ’ವೆಂದು ಹೆಸರು, ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಅದರ ನಿರೂಪಣೆಯಿದೆ. ಚರಕಸಂಹಿತೆಯು ಜೇನನ್ನು ‘ಯೋಗವಾಹಿ’ಯೆಂದು ಕರೆದಿರುವದು, ಅಂದರೆ ತಾನು ಕೂಡಿದ ದ್ರವ್ಯದ ಗುಣವನ್ನು ಹೊತ್ತು ನಡೆಯುವಂಥದು. ಔಷಧವು ಬೇರೆ, ಅದನ್ನು ಹೊತ್ತೊಯ್ಯುವದು ಬೇರೆ, ಹೊತ್ತೊಯ್ಯುವದನ್ನು ಬದಲಿಸಿದರೆ ಫಲವೂ ಬದಲಾಗುವದು ಎಂಬಷ್ಟು ವಿವೇಕವು ಆ ಆಚಾರ್ಯರಲ್ಲಿ ಸ್ಪಷ್ಟವಾಗಿತ್ತು. ಆದರೆ ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಜೀವಕೋಶವನ್ನು ನೋಡಿದವರಿರಲಿಲ್ಲ. ಕೋಶದ ಮೈಮೇಲಿನ ಸಕ್ಕರೆಯ ವಿಚಾರವು ಅವರಲ್ಲಿ ಇರುವದು ಸಾಧ್ಯವಿಲ್ಲ. ಪ್ರಶ್ನೆಯ ಒಂದು ಭಾಗವನ್ನು ಅವರು ಕೇಳಿದ್ದರು; ಉತ್ತರಕ್ಕೆ ಬೇರೆ ಉಪಕರಣಗಳು ಬೇಕಾಗಿದ್ದವು. ಆಚಾರ್ಯರು ಆಡದ ಮಾತನ್ನು ಅವರ ಬಾಯಲ್ಲಿ ಇಡುವದರಿಂದ ಅವರ ಗೌರವವು ಹೆಚ್ಚುವದಿಲ್ಲ.

ಆ ಪ್ರಶ್ನೆಯು ಎಷ್ಟು ಕಠಿಣವಾದದ್ದೆಂಬದನ್ನು ಗಂಗಾವತಿಯ ಕಡೆಯ ಭತ್ತದ ರೈತರು ಸುಲಭವಾಗಿ ತಿಳಿಯಬಲ್ಲರು. ಒಂದು ಗದ್ದೆಗೆ ನೀರು ಬೇಕೆಂದು ಕಾಲುವೆಯನ್ನೇ ಒಡೆದು ಸೀಮೆಯನ್ನೆಲ್ಲ ಮುಳುಗಿಸಿದರೆ ಆ ಗದ್ದೆಗೂ ನೀರು ಮುಟ್ಟುವದು ನಿಜ. ಆದರೆ ಉಳಿದವರ ಪೈರು ಕೊಳೆತುಹೋಗುವದು. ರಕ್ತದಲ್ಲಿ ಬಿಟ್ಟ ಔಷಧದ ಗತಿಯೂ ಹೀಗೆಯೇ. ಕ್ಯಾನ್ಸರಿನ ಅನೇಕ ಔಷಧಗಳಿಂದ ರೋಗಿಯ ಕೂದಲುದುರುವದಕ್ಕೂ ವಾಂತಿಯಾಗುವದಕ್ಕೂ ರಕ್ತಕಣಗಳು ಕುಗ್ಗುವದಕ್ಕೂ ಕಾರಣವು, ಆ ಔಷಧವು ನಿರೋಗಿಯಾದ ಕೋಶಗಳನ್ನೂ ಹೊಡೆಯುವದೇ ಆಗಿದೆ. ದೇಹವನ್ನು ಬಿಟ್ಟು ರೋಗವನ್ನಷ್ಟೇ ಹುಡುಕಿ ಹೊಡೆಯುವ ‘ಮಾಯಾಗುಂಡು’ ಬೇಕೆಂದು ಮೊದಲು ಹೇಳಿದವರು ಜರ್ಮನಿಯ ಪಾಲ್ ಏರ್ಲಿಖ್ (೧೮೫೪–೧೯೧೫) ಎಂಬ ಪಂಡಿತರು. ೧೯೧೦ರಲ್ಲಿ ಫಿರಂಗರೋಗಕ್ಕೆ ಬಂದ ‘ಸಾಲ್ವರ್ಸಾನ್’ ಎಂಬ ಔಷಧವು ಅವರ ಈ ಹುಡುಕಾಟದ ಫಲವು.

ಏರ್ಲಿಖರ ವಿಚಾರವನ್ನು ಬೆಳೆಸಿದ ವಸ್ತುಗಳಲ್ಲಿ ಎರಡು ನಮ್ಮ ಹೊಲದ ಬದುವಿನಲ್ಲಿಯೂ ಬೇಲಿಯಲ್ಲಿಯೂ ಸಿಕ್ಕುವಂಥವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಒಂದು ಔಡಲದ ಬೀಜ, ಇನ್ನೊಂದು ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಗುಲಗಂಜಿ. ಔಡಲದ ಬೀಜದಲ್ಲಿ ‘ರೈಸಿನ್’ ಎಂಬ, ಗುಲಗಂಜಿಯಲ್ಲಿ ‘ಏಬ್ರಿನ್’ ಎಂಬ ಉಗ್ರವಾದ ವಿಷವಿದೆ. ಔಡಲೆಣ್ಣೆಗೆ ಆ ವಿಷವು ಇಳಿಯುವದಿಲ್ಲ, ಹಿಂಡಿಯಲ್ಲಿ ಉಳಿಯುವದು. ಆ ಹಿಂಡಿಯನ್ನು ದನಗಳಿಗೆ ಇಡದೆ ಹೊಲಕ್ಕೆ ಗೊಬ್ಬರವಾಗಿ ಹಾಕುವ ರೂಢಿಯ ಕಾರಣವಿದೇ. ೧೮೯೧ರಲ್ಲಿ ಏರ್ಲಿಖರು ಈ ವಿಷಗಳನ್ನು ಇಲಿಗಳಿಗೆ ಅತ್ಯಲ್ಪವಾಗಿ ಕೊಡುತ್ತ, ಕ್ರಮೇಣ ಪ್ರಮಾಣವನ್ನು ಏರಿಸಿದರು. ರೈಸಿನ್ನಿಗೆ ಒಗ್ಗಿದ ಇಲಿಯು ರೈಸಿನ್ನನ್ನು ತಡೆಯಿತು, ಏಬ್ರಿನ್ನನ್ನು ತಡೆಯಲಿಲ್ಲ. ಏಬ್ರಿನ್ನಿಗೆ ಒಗ್ಗಿದ್ದು ರೈಸಿನ್ನನ್ನು ತಡೆಯಲಿಲ್ಲ. ಶರೀರವು ಒಂದೊಂದು ವಸ್ತುವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲದೆಂಬದು ಹೀಗೆ ನಿಶ್ಚಯವಾಯಿತು.

ಇದಕ್ಕೆ ಮೂರು ವರ್ಷಗಳ ಹಿಂದೆ, ೧೮೮೮ರಲ್ಲಿ, ಈಗಿನ ಎಸ್ಟೋನಿಯಾ ದೇಶದ ಟಾರ್ಟು ಪಟ್ಟಣದಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿಯು ಔಡಲದ ಸಾರವನ್ನು ರಕ್ತಕ್ಕೆ ಸೇರಿಸಿದಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುವದನ್ನು ಕಂಡಿದ್ದನು. ಯಾತಕ್ಕಾಗಿ ಅಂಟುವವೆಂಬದು ಆಗ ತಿಳಿಯಲಿಲ್ಲ. ೧೮೯೪ರಲ್ಲಿ ಎಮಿಲ್ ಫಿಶರ್ ಎಂಬ ರಸಾಯನಶಾಸ್ತ್ರಜ್ಞರು, ಕಿಣ್ವವೊಂದು ತನಗೆ ಹೊಂದುವ ಸಕ್ಕರೆಯನ್ನು ಕೀಲಿಯು ಕೀಲಿಕೈಯನ್ನು ಒಪ್ಪುವಂತೆ ಒಪ್ಪುವದೆಂದು ಹೇಳಿದರು. ೧೯೩೬ರಲ್ಲಿ ಅಮೇರಿಕದ ಸಮ್ನರ್ ಮತ್ತು ಹಾವೆಲ್ ಎಂಬವರು, ಒಂದು ಬಗೆಯ ಅವರೆಯ ಬೀಜದ ಪ್ರೋಟೀನು ಕೋಶಗಳನ್ನು ಗಂಟುಹಾಕುವದನ್ನು ಸಕ್ಕರೆಯು ತಡೆಯುವದೆಂದು ತೋರಿಸಿದರು. ಬೀಜದ ಪ್ರೋಟೀನು ಹಿಡಿಯುವದು ಕೋಶದ ಮೈಮೇಲಿನ ಸಕ್ಕರೆಯನ್ನೇ ಎಂಬ ಅರ್ಥವು ಇದರಿಂದ ಹೊರಟಿತು.

ಕೋಶದ ಮೈಮೇಲೆ ಸಕ್ಕರೆ ಏಕಿದೆ ಎಂದು ಕೇಳಬಹುದು. ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆಯು ರಕ್ತದ ಗುಂಪುಗಳು. ‘ಎ’ ಗುಂಪಿನ ರಕ್ತಕ್ಕೂ ‘ಬಿ’ ಗುಂಪಿನ ರಕ್ತಕ್ಕೂ ಇರುವ ಭೇದವು ಕೆಂಪು ಕಣದ ಮೇಲಿರುವ ಸರಪಳಿಯ ತುದಿಯ ಒಂದು ಸಕ್ಕರೆಯ ಭೇದ ಮಾತ್ರ. ‘ಓ’ ಗುಂಪಿನಲ್ಲಿ ಆ ತುದಿಯ ಸಕ್ಕರೆ ಇಲ್ಲ. ೧೯೫೨ರಲ್ಲಿ ಮುಂಬಯಿಯಲ್ಲಿ ಭೇಂಡೆ ಮತ್ತು ಅವರ ಸಂಗಡಿಗರು, ಆ ಸರಪಳಿಯ ಮತ್ತೊಂದು ಸಕ್ಕರೆಯೂ ಇಲ್ಲದಿರುವ ಅಪೂರ್ವವಾದ ಗುಂಪನ್ನು ಕಂಡರು. ಅದಕ್ಕೆ ಜಗತ್ತಿನಲ್ಲೆಲ್ಲ ‘ಬಾಂಬೆ’ ಗುಂಪೆಂದೇ ಹೆಸರು. ಒಂದು ಸಕ್ಕರೆಯ ಅಂತರವನ್ನು ಶರೀರವು ಓದಿ, ಹೊಂದದ ರಕ್ತವನ್ನು ಪ್ರಾಣಾಂತಿಕವಾಗಿ ತಿರಸ್ಕರಿಸುವದೆಂದರೆ ಆ ಬರಹವು ಎಷ್ಟು ಬಿಗಿಯಾದದ್ದೆಂಬದು ತಿಳಿಯುವದು. ೧೯೫೪ರಲ್ಲಿ ಬಾಯ್ಡ್ ಎಂಬವರು ಸಕ್ಕರೆಯನ್ನು ಗುರುತಿಸುವ ಬೀಜದ ಪ್ರೋಟೀನುಗಳಿಗೆ ‘ಲೆಕ್ಟಿನ್’ ಎಂದು ಹೆಸರಿಟ್ಟರು. ಅದರ ಮೂಲವಾದ ಲ್ಯಾಟಿನ್ ಧಾತುವಿಗೆ ಆರಿಸು ಎಂದೂ ಓದು ಎಂದೂ ಅರ್ಥಗಳಿವೆ. ಎರಡೂ ಇಲ್ಲಿ ಸಲ್ಲುವವು.

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇರುವ ಅಶೋಕನ ಶಾಸನಗಳನ್ನು ಇಲ್ಲಿ ನೆನೆಯಬಹುದು. ಅವು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ನಮ್ಮ ಕಣ್ಣೆದುರಿಗೇ ಇದ್ದವು. ೧೮೩೭ರಲ್ಲಿ ಪ್ರಿನ್ಸೆಪ್‌ರು ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಮೇಲಲ್ಲವೆ, ೧೯೩೧ರಲ್ಲಿ ಬೆಳಕಿಗೆ ಬಂದ ಈ ಶಾಸನಗಳು ತಕ್ಷಣವೇ ಮಾತಾಡಿದ್ದು? ಕೋಶದ ಸಕ್ಕರೆಯ ಲಿಪಿಗೆ ವಿದ್ವಾಂಸರಿಗೆ ದೊರೆತ ಮೊದಲ ಕೋಶಗ್ರಂಥವು ಈ ಬೀಜಗಳೇ. ರೈಸಿನ್ನಿನ ವಿಷವೂ ಇದೇ ಉಪಾಯದಿಂದ ನಡೆಯುವದು. ಅದರ ಒಂದು ಭಾಗವು ಕೋಶದ ಮೈಮೇಲಿನ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿದು ಬಾಗಿಲು ತೆರೆಯಿಸುವದು; ಎರಡನೆಯ ಭಾಗವು ಒಳಹೊಕ್ಕು ಕೋಶವನ್ನು ಕೊಲ್ಲುವದು. ವಾಹನ ಬೇರೆ, ಸರಕು ಬೇರೆ. ಮನುಷ್ಯನು ಔಷಧಕ್ಕಾಗಿ ಕಲಿಯಬೇಕಾಗಿದ್ದ ಪಾಠವು ಔಡಲದ ಬೀಜದಲ್ಲಿ ಮೊದಲೇ ಇತ್ತು.

ಓದುವ ಶಕ್ತಿಯು ಪ್ರಾಣಿಗಳ ಶರೀರದಲ್ಲಿಯೂ ಇರುವದೆಂಬದು ೧೯೬೦ರ ದಶಕದ ಕೊನೆಯಲ್ಲಿ ಅಮೇರಿಕದ ಗಿಲ್ಬರ್ಟ್ ಆಶ್ವೆಲ್ ಮತ್ತು ಆನಾಟೋಲ್ ಮೋರೆಲ್ ಎಂಬವರ ಪ್ರಯೋಗದಿಂದ ತಿಳಿದುಬಂದಿತು. ರಕ್ತದಲ್ಲಿ ತಾಮ್ರವನ್ನು ಹೊರುವ ಒಂದು ಪ್ರೋಟೀನಿನ ತುದಿಯಿಂದ ಸಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಕಿತ್ತು ಮೊಲಕ್ಕೆ ಚುಚ್ಚಿದರು. ಕೀಳದಿದ್ದರೆ ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಆ ಪ್ರೋಟೀನು, ಕೆಲವೇ ನಿಮಿಷಗಳಲ್ಲಿ ಮಾಯವಾಗಿ ಯಕೃತ್ತಿನಲ್ಲಿ ಸಿಕ್ಕಿತು. ತುದಿಯ ಸಕ್ಕರೆ ಹೋದಾಗ ಅದರ ಕೆಳಗಿನ ಗ್ಯಾಲಕ್ಟೋಸ್ ಬಯಲಾಗಿತ್ತು. ಯಕೃತ್ತಿನ ಕೋಶಗಳು ಅದನ್ನು ಓದಿ ಒಳಗೆ ಕರೆದುಕೊಂಡಿದ್ದವು. ಗ್ಯಾಲಕ್ಟೋಸ್ ಯಕೃತ್ತಿನ ವಿಳಾಸವೆಂದು ಗೊತ್ತಾದಂತೆ, ಕ್ರಿಮಿಗಳನ್ನು ನುಂಗುವ ಮಹಾಭಕ್ಷಕ ಕೋಶಗಳ ವಿಳಾಸವು ಮ್ಯಾನೋಸ್ ಎಂಬ ಸಕ್ಕರೆಯೆಂದು ಮುಂದೆ ಗೊತ್ತಾಯಿತು. ಗೋಶೆ ರೋಗವೆಂಬ ವಿರಳವಾದ ಆನುವಂಶಿಕ ವ್ಯಾಧಿಯಲ್ಲಿ ಈ ಕೋಶಗಳಿಗೆ ಒಂದು ಕಿಣ್ವದ ಕೊರತೆಯಿರುವದು. ಆ ಕಿಣ್ವದ ಮೇಲೆ ಮ್ಯಾನೋಸ್ ಹೊರಗೆ ಕಾಣುವಂತೆ ಮಾಡಿ ತಯಾರಿಸಿದ ಔಷಧಕ್ಕೆ ೧೯೯೧ರಲ್ಲಿ ಅಮೇರಿಕದಲ್ಲಿ ಸಮ್ಮತಿ ದೊರೆಯಿತು. ಸಕ್ಕರೆಯ ವಿಳಾಸದಿಂದ ಮನುಷ್ಯರಿಗೆ ಗುಣ ಬಂದ ಮೊದಲ ಉದಾಹರಣೆಗಳಲ್ಲಿ ಇದೊಂದು.

ವಿಳಾಸವು ದೊರೆಯಿತು, ಇನ್ನು ವಾಹನದ ಮಾತು. ೧೯೬೪–೬೫ರಲ್ಲಿ ಇಂಗ್ಲೆಂಡಿನ ಬ್ಯಾಂಗಮ್‌ರು ಕೊಬ್ಬಿನ ಪೊರೆಯ ಸೂಕ್ಷ್ಮವಾದ ಚೀಲಗಳನ್ನು ವರ್ಣಿಸಿದರು. ಇವಕ್ಕೆ ‘ಲೈಪೋಸೋಮ್’ ಎಂದು ಹೆಸರಾಯಿತು. ಸ್ವಿಟ್ಜರ್ಲೆಂಡಿನ ಸ್ಪೈಸರ್‌ರು ಪಾಲಿಮರಿನ, ಅಂದರೆ ಒಂದೇ ಬಗೆಯ ಅಣುಗಳನ್ನು ಸರದಂತೆ ಪೋಣಿಸಿದ ವಸ್ತುವಿನ, ಕಣಗಳನ್ನು ಅದೇ ದಶಕದ ಕೊನೆಯಿಂದ ಮಾಡತೊಡಗಿದರು. ಇವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮೊಸರಿನ ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೂ ಅದರ ಬಂಧುವಾದ ಇನ್ನೊಂದು ಆಮ್ಲವನ್ನೂ ಪೋಣಿಸಿ ಮಾಡಿದ ಪಾಲಿಮರು. ಶಸ್ತ್ರಕ್ರಿಯೆಯ ಹೊಲಿಗೆಯಲ್ಲಿ ತಾನಾಗಿ ಕರಗುವ ದಾರಕ್ಕೂ ಇದೇ ವಸ್ತು. ಶರೀರದಲ್ಲಿ ಇದು ಮೆಲ್ಲಗೆ ಕರಗುತ್ತ ಒಳಗಿನ ಔಷಧವನ್ನು ಬಿಡುವದು. ೧೯೯೪ರಲ್ಲಿ ಗ್ರೆಫ್, ಲ್ಯಾಂಗರ್ ಮೊದಲಾದವರು, ಇಂಥ ಕಣಕ್ಕೆ ನೀರನ್ನು ಒಲಿಯುವ ಇನ್ನೊಂದು ಪಾಲಿಮರಿನ ಹೊದಿಕೆಯನ್ನು ಕೊಟ್ಟರೆ ಅದು ರಕ್ತದಲ್ಲಿ ಬಹುಕಾಲ ಉಳಿಯುವದೆಂದು ತೋರಿಸಿದರು. ನಮ್ಮ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಅದರ ಮೇಲೆ ಅಂಟಿನ ಲೇಪವನ್ನು ಕೊಟ್ಟು, ಅದರ ಮೇಲೆ ಬಣ್ಣವನ್ನು ಇಡುವಂತೆ, ಇಲ್ಲಿಯೂ ಒಡಲು, ನಡುವಣ ಹೊದಿಕೆ, ಹೊರಗಿನ ಸಕ್ಕರೆ ಎಂದು ಮೂರು ಕ್ರಮಗಳಿವೆ. ಬಣ್ಣವು ನಿಲ್ಲಬೇಕಾದರೆ ಕೆಳಗಿನ ಲೇಪವು ಸರಿಯಾಗಿರಬೇಕೆಂಬದು ಎರಡು ಕಡೆಗೂ ಒಂದೇ.

ಈ ಕಾರ್ಯದಲ್ಲಿ ಭಾರತದ ಪಾಲೇನೆಂಬದನ್ನು ಈಗ ನೋಡೋಣ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಬಹುಕಾಲ ಸಂಶೋಧನೆ ನಡೆಸಿದ ಬಿ. ಕೆ. ಬಚ್ಛಾವತ್ (೧೯೨೫–೧೯೯೬) ಅವರು ನಮ್ಮ ದೇಶದಲ್ಲಿ ಜೈವಿಕ ಸಕ್ಕರೆಗಳ ಅಧ್ಯಯನಕ್ಕೆ ತಳಹದಿ ಹಾಕಿದವರು. ೧೯೭೭ರಲ್ಲಿ ಅವರೂ ಅವರ ಶಿಷ್ಯರಾದ ಅವಧೇಶ ಸುರೋಲಿಯಾ ಅವರೂ ಕೂಡಿ, ಸಕ್ಕರೆಯನ್ನು ಹೊತ್ತ ಕೊಬ್ಬನ್ನು ಲೈಪೋಸೋಮಿನ ಪೊರೆಯಲ್ಲಿ ಸೇರಿಸಿ, ಅದರೊಳಗಿನ ಕಿಣ್ವವನ್ನು ಯಕೃತ್ತಿನ ಕೋಶಗಳು ಸ್ವೀಕರಿಸುವದನ್ನು ಪ್ರಕಟಿಸಿದರು. ೧೯೮೦ರಲ್ಲಿ ಬಚ್ಛಾವತ್ ಅವರು ಸಹಕಾರಿಗಳೊಡನೆ ಬೇರೆ ಬೇರೆ ಸಕ್ಕರೆಗಳನ್ನು ಲೈಪೋಸೋಮುಗಳ ಮೈಗೆ ನೆಟ್ಟು, ಅವು ಶರೀರದ ಯಾವ ಯಾವ ಭಾಗಕ್ಕೆ ಹೋಗುವವೆಂದು ಪರೀಕ್ಷಿಸಿದರು. ಈ ವಿದ್ಯೆಯು ಜಗತ್ತಿನಲ್ಲಿ ಇನ್ನೂ ಎಳೆಯದಾಗಿದ್ದಾಗಲೇ ನಡೆದ ಕೆಲಸವಿದು.

ಸುರೋಲಿಯಾ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್ಕಿನ್ ಅವರ ಬಳಿ ಇನ್ಸುಲಿನ್ನಿನ ರಚನೆಯ ಕೆಲಸದಲ್ಲಿ ಭಾಗಿಯಾಗಿ ಬಂದಿದ್ದ ಎಂ. ವಿಜಯನ್ (೧೯೪೧–೨೦೨೨) ಅವರಿದ್ದರು. ಈ ಇಬ್ಬರೂ ಶಿಷ್ಯರೊಡನೆ ಕೂಡಿ ಎತ್ತಿಕೊಂಡ ವಸ್ತುವು ಶೇಂಗಾ! ಕುಷ್ಟಗಿ ಯಲಬುರ್ಗಿಗಳ ಮಸಾರಿ ಹೊಲದಿಂದ ನಮ್ಮ 'ಚಟ್ನಿಪುಡಿ'ಯವರೆಗೆ ಬರುವ ಈ ಬೀಜದಲ್ಲಿಯೂ ಒಂದು ಲೆಕ್ಟಿನ್ ಇದೆ. ಆರೋಗ್ಯವಂತ ಕೋಶಗಳಲ್ಲಿ ಸಾಮಾನ್ಯವಾಗಿ ಮುಚ್ಚಿಕೊಂಡಿದ್ದು ಅನೇಕ ಕ್ಯಾನ್ಸರುಗಳಲ್ಲಿ ಬಯಲಾಗುವ ಒಂದು ಜೋಡಿ ಸಕ್ಕರೆಯನ್ನು ಅದು ಗುರುತಿಸಬಲ್ಲದು. ಆ ಪ್ರೋಟೀನನ್ನು ಹರಳುಗಟ್ಟಿಸಿ, ಕ್ಷಕಿರಣಗಳನ್ನು ಹಾಯಿಸಿ, ಅದರ ಅಣುಗಳ ವಿನ್ಯಾಸವನ್ನು ೧೯೯೪ರಲ್ಲಿ ಅವರು ಪ್ರಕಟಿಸಿದರು. ನಾಲ್ಕು ತುಂಡುಗಳು ಕೂಡಿ ಆದ ಆ ಪ್ರೋಟೀನಿನ ಜೋಡಣೆಯು, ಇಂಥವುಗಳಲ್ಲಿ ವಿದ್ವಾಂಸರು ನಿರೀಕ್ಷಿಸುವ ಸಮರೂಪತೆಯನ್ನು ಮೀರಿದ್ದಾಗಿತ್ತು. ೧೯೯೬ರಲ್ಲಿ ವಿಜಯನ್ ಅವರ ತಂಡವು ಹಲಸಿನ ಬೀಜದ ‘ಜಕಾಲಿನ್’ ಎಂಬ ಲೆಕ್ಟಿನ್ನಿನ ವಿನ್ಯಾಸವನ್ನೂ ಅದು ಸಕ್ಕರೆಯನ್ನು ಹಿಡಿಯುವ ಹೊಸ ರೀತಿಯನ್ನೂ ಜಗತ್ತಿಗೆ ತಿಳಿಸಿತು. ಯಾವ ಸಕ್ಕರೆಯನ್ನು ಯಾವ ಪ್ರೋಟೀನು ಹೇಗೆ ಹಿಡಿಯುವದೆಂಬ ಇಂಥ ಜ್ಞಾನವಿಲ್ಲದೆ ಕಣದ ಮೇಲೆ ಸಕ್ಕರೆಯನ್ನು ನೆಡುವದು ಅಕ್ಷರ ಬಾರದವನು ವಿಳಾಸ ಬರೆದಂತೆ. ಇದರಲ್ಲಿ ನಮ್ಮದೇನೂ ಇಲ್ಲವೆನ್ನುವ ಪಕ್ಷಕ್ಕೆ ಇಷ್ಟು ಉತ್ತರವು ಸಾಕೆಂದು ಭಾವಿಸುವೆನು.

ಆದರೆ ಚರಿತ್ರೆಯು ಸೋಲುಗಳನ್ನೂ ಹೇಳಬೇಕು. ಕ್ಯಾನ್ಸರಿನ ಔಷಧವೊಂದನ್ನು ಪಾಲಿಮರಿಗೆ ಪೋಣಿಸಿ, ಗ್ಯಾಲಕ್ಟೋಸಿನ ಕುಲದ ಸಕ್ಕರೆಯನ್ನು ವಿಳಾಸವಾಗಿ ಇಟ್ಟು, ಯಕೃತ್ತಿನ ಕ್ಯಾನ್ಸರಿನ ರೋಗಿಗಳಿಗೆ ಬ್ರಿಟನ್ನಿನಲ್ಲಿ ಕೊಟ್ಟ ಪ್ರಯೋಗದ ವರದಿಯು ೨೦೦೨ರಲ್ಲಿ ಬಂದಿತು. ಔಷಧವು ಯಕೃತ್ತನ್ನು ಸೇರಿತು. ಆದರೆ ಅದರ ಹೆಚ್ಚಿನ ಪಾಲು ಹೋದದ್ದು ಯಕೃತ್ತಿನ ನಿರೋಗಿಯಾದ ಭಾಗಕ್ಕೆ, ಗಡ್ಡೆಗೆ ಹೋದದ್ದು ಕಡಿಮೆ. ವಿಳಾಸವು ಊರಿನದಾಗಿತ್ತು, ಕಳ್ಳನ ಮನೆಯದಾಗಿರಲಿಲ್ಲ. ೨೦೧೬ರಲ್ಲಿ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕೆನಡಾದ ವಿದ್ವಾಂಸರು, ಚುಚ್ಚಿದ ಸೂಕ್ಷ್ಮಕಣಗಳಲ್ಲಿ ಗಡ್ಡೆಯನ್ನು ಮುಟ್ಟುವ ಪಾಲಿನ ಮಧ್ಯಮ ಮೌಲ್ಯವು ಶೇಕಡಾ ೦.೭ ಮಾತ್ರವೆಂದು ಎಣಿಸಿದರು. ಉಳಿದವುಗಳಲ್ಲಿ ಬಹಳಷ್ಟನ್ನು ಯಕೃತ್ತೂ ಪ್ಲೀಹವೂ ಹಿಡಿದುಬಿಡುವವು.

ಇಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಕಣವಿಲ್ಲದೆ ವಿಳಾಸ ಮಾತ್ರ ಇರುವ ಔಷಧಗಳು ಬಂದಿವೆ: ೨೦೧೯ರಲ್ಲಿ ಅಮೇರಿಕದಲ್ಲಿ ಸಮ್ಮತವಾದ ಗಿವೋಸಿರಾನ್, ೨೦೨೦ರಲ್ಲಿ ಯುರೋಪದಲ್ಲಿ ಸಮ್ಮತವಾದ ಇನ್‌ಕ್ಲಿಸಿರಾನ್. ಇವುಗಳಲ್ಲಿ ಆಶ್ವೆಲ್‌ರು ಕಂಡ ಯಕೃತ್ತಿನ ಬಾಗಿಲಿಗೆ ಹೊಂದುವ ಸಕ್ಕರೆಯನ್ನು ಔಷಧದ ಅಣುವಿಗೇ ನೇರವಾಗಿ ಕಟ್ಟಿರುವರು. ವಿಳಾಸವಿಲ್ಲದ ಕಣಗಳೂ ಬಂದಿವೆ: ಆಂಫೋಟೆರಿಸಿನ್ ಎಂಬ, ಮೂತ್ರಪಿಂಡವನ್ನು ಕೆಡಿಸುವ ಔಷಧವನ್ನು ಲೈಪೋಸೋಮಿನಲ್ಲಿ ಇಟ್ಟು ಸೌಮ್ಯಗೊಳಿಸಿದರು, ಅದರ ಒಂದೇ ಸೂಜಿಯಿಂದ ಕಾಲಾ ಅಜಾರ್ ಗುಣವಾಗುವದೆಂದು ಬಿಹಾರದ ರೋಗಿಗಳಲ್ಲಿ ೨೦೧೦ರಲ್ಲಿ ಸಿದ್ಧವಾಯಿತು. ೨೦೨೧ರಲ್ಲಿ ಕಪ್ಪು ಶಿಲೀಂಧ್ರದ ಬಾಧೆಯಾದಾಗ ನಮ್ಮ ರಾಜ್ಯದ ಎಷ್ಟೋ ಕುಟುಂಬಗಳವರು ಸಾವಿರಾರು ರೂಪಾಯಿಯ ಸೀಸೆಗಳಿಗಾಗಿ ಊರೂರು ಅಲೆದದ್ದು ಇದೇ ಔಷಧಕ್ಕಾಗಿ. ಸಕ್ಕರೆಯನ್ನು ಹೊತ್ತ ಪಾಲಿಮರು ೨೦೧೩ರಲ್ಲಿ ಅಮೇರಿಕದಲ್ಲಿ ಸಮ್ಮತವಾದದ್ದುಂಟು. ಟಿಲ್ಮನೋಸೆಪ್ಟ್ ಎಂಬ ಅದು ಮ್ಯಾನೋಸಿನ ವಿಳಾಸದಿಂದ ಗಡ್ಡೆಯ ಸಮೀಪದ ಗ್ರಂಥಿಗಳನ್ನು ಶಸ್ತ್ರವೈದ್ಯರಿಗೆ ತೋರಿಸುವದು, ರೋಗವನ್ನು ಗುಣಪಡಿಸುವದಿಲ್ಲ. ಔಷಧವನ್ನು ತುಂಬಿಕೊಂಡು ಸಕ್ಕರೆಯ ವಿಳಾಸದಿಂದ ರೋಗದ ಕೋಶಕ್ಕೆ ಹೋಗುವ ಪಾಲಿಮರ್ ಕಣಗಳ ಕೆಲಸವು ಬಹುಮಟ್ಟಿಗೆ ಇನ್ನೂ ಪ್ರಯೋಗದ ಹಂತದಲ್ಲಿಯೇ ಇರುವದು.

ಹೀಗಿರಲು, ಅಂಗಡಿಯ ಸೀಸೆಯ ಮೇಲೆ ‘ನ್ಯಾನೋ’ ಎಂದು ಬರೆದಿರುವದನ್ನು ಕಂಡಾಗ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ಕೋಶಕ್ಕೆ ಹೋಗುವದು? ಯಾವದರಿಂದ ಗುರುತಿಸಲ್ಪಡುವದು? ಮನುಷ್ಯರಲ್ಲಿ ಪರೀಕ್ಷೆಯಾದದ್ದು ಎಲ್ಲಿ? ಮೇಲೆ ಹೇಳಿದ ಹೊಸ ಔಷಧಗಳೆಲ್ಲ ವೈದ್ಯರ ಕೈಯಿಂದ ಸೂಜಿಯ ಮೂಲಕ ಕೊಡಲ್ಪಡುವವು. ಅವುಗಳಲ್ಲಿ ಚಮಚೆಯಲ್ಲಿ ಕುಡಿಯುವಂಥದು ಒಂದೂ ಇಲ್ಲ. ಚರಕನ ಹೆಸರನ್ನು ಹೇಳಿ ಮಾರಿದರೂ ಈ ಪ್ರಶ್ನೆಗಳಿಗೆ ರಿಯಾಯಿತಿ ಕೊಡಬೇಕಾಗಿಲ್ಲ. ಪ್ರತ್ಯಕ್ಷವನ್ನೂ ಯುಕ್ತಿಯನ್ನೂ ಪ್ರಮಾಣವಾಗಿ ಹಿಡಿದ ಚರಕನು ಇದಕ್ಕೆ ಅಸಮಾಧಾನಪಡುತ್ತಿರಲಿಲ್ಲ.

ನಮ್ಮ ಏಳೂ ತಾಲ್ಲೂಕುಗಳ ಶಾಲೆಗಳ ಉಪಾಧ್ಯಾಯರಲ್ಲಿಯೂ ಒಂದು ವಿಜ್ಞಾಪನೆಯಿದೆ. ಜೀವಕೋಶದ ಪಾಠವು ಬಂದಾಗ ಒಂದು ಹಿಡಿ ಶೇಂಗಾ ಬೀಜವನ್ನು ಮೇಜಿನ ಮೇಲಿಟ್ಟು, ಇದರೊಳಗೆ ಕ್ಯಾನ್ಸರಿನ ಕೋಶದ ಗುರುತನ್ನು ಓದಬಲ್ಲ ವಸ್ತುವೊಂದಿದೆ, ಅದರ ವಿನ್ಯಾಸವನ್ನು ಕಂಡುಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ ಎಂದು ಮಕ್ಕಳಿಗೆ ಹೇಳಿರಿ. ಊರಿನ ವಿಳಾಸವು ಸಿಕ್ಕಿದೆ, ಕಳ್ಳನ ಮನೆಯ ವಿಳಾಸವನ್ನು ಇನ್ನೂ ಹುಡುಕಬೇಕಾಗಿದೆ ಎಂಬದನ್ನೂ ಮರೆಯದೆ ಹೇಳಿರಿ. ಆ ಹುಡುಕಾಟಕ್ಕೆ ಕುಷ್ಟಗಿಯ ಹುಡುಗಿಯೊಬ್ಬಳೋ ಯಲಬುರ್ಗಿಯ ಹುಡುಗನೊಬ್ಬನೋ ಹೊರಡಬಾರದೆಂದೇನೂ ಇಲ್ಲ.